ಸಾಲನ್ನು ಗಿಟಾರ್ ಮುಗಿಸುವಾಗ ಫೇಡರ್ ಮೇಲೆ ಕೈ ಬೇಡ

ವೇದಿಕೆ ಕಾರ್ಯಕ್ರಮಗಳಿಗೆ ಧ್ವನಿ ಹೊಂದಿಸುವುದು ನನ್ನ ಕಸುಬು. ಸುಗಮ ಸಂಗೀತ, ಚಿತ್ರಗೀತೆಗಳ ರಸಮಂಜರಿ ಮಾಡುತ್ತಾ ಕೈಗೆ ಒಂದು ರೂಢಿ ಬಿದ್ದುಬಿಡುತ್ತದೆ: ಗಾಯಕರು ಬಾಯಿ ತೆರೆದ ಕೂಡಲೇ ವಾದ್ಯಗಳ ಫೇಡರ್, ಅಂದರೆ ಮಿಕ್ಸರಿನಲ್ಲಿ ಸದ್ದು ಏರಿಳಿಸುವ ಜಾರುಗುಂಡಿ, ಕೆಳಗೆ, ಹಾಡು ನಿಂತಾಗ ಮೇಲೆ. ಸಾಹಿತ್ಯ ಕೇಳಲೇಬೇಕಾದ ಕಡೆ ಅದು ಸರಿಯೇ. ಆದರೆ ತಂತಿಯ ಮೇಲೆ ಕೊಳವೆಯಂಥ ‘ಸ್ಲೈಡ್’ ಜಾರಿಸಿ ಗಿಟಾರ್ ನುಡಿಸುತ್ತಾ, ಅಮೆರಿಕದ ಕಪ್ಪು ಜನರ ಬ್ಲೂಸ್ ಹಾಡುವವರಿಗೆ ಅದು ಒಗ್ಗುವುದಿಲ್ಲ. ಇದನ್ನು ನನಗೆ ಕಲಿಸಿದ್ದು ಅಮೆರಿಕದ ಮಿಸಿಸಿಪಿ ರಾಜ್ಯದ ಫ್ರೆಡ್ ಮೆಕ್‌ಡವೆಲ್ ಅವರ ಧ್ವನಿಮುದ್ರಣಗಳು.

ಮೆಕ್‌ಡವೆಲ್ ಕೋಮೊ ಊರಿನ ರೈತ. 1959ರ ಸೆಪ್ಟೆಂಬರ್‌ನಲ್ಲಿ ಜಾನಪದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಮತ್ತು ಇಂಗ್ಲೆಂಡಿನ ಗಾಯಕಿ ಶರ್ಲಿ ಕಾಲಿನ್ಸ್ ಅಲ್ಲಿಗೆ ಹೋದಾಗ, ಮೆಕ್‌ಡವೆಲ್ ಹಗಲೆಲ್ಲ ಹತ್ತಿ ಬಿಡಿಸಿ ಸಂಜೆ ಗಿಟಾರ್ ಹಿಡಿದು ಬಂದಿದ್ದರು. ಆಗಲೇ ಐವತ್ತು ದಾಟಿದ ವಯಸ್ಸು. ತಂತಿಯ ಮೇಲೆ ಜಾರಿಸಲು ಮೊದಮೊದಲು ಚಾಕು, ಆಮೇಲೆ ದನದ ಪಕ್ಕೆಲುಬಿನ ಮೂಳೆ, ಕೊನೆಗೆ ಬೆರಳಿಗೆ ತೊಡುವ ಗಾಜಿನ ಕೊಳವೆ. ಗಾಜಿನಲ್ಲಿ ನಾದ ಇನ್ನಷ್ಟು ತಿಳಿ.

ಅವರ ಹಾಡಿನಲ್ಲಿ ಎಷ್ಟೋ ಸಲ ಸಾಲು ಅರ್ಧಕ್ಕೇ ನಿಲ್ಲುತ್ತದೆ, ಉಳಿದದ್ದನ್ನು ತಂತಿ ಹೇಳುತ್ತದೆ. ಹೆಬ್ಬೆರಳು ದಪ್ಪ ತಂತಿಗಳಲ್ಲಿ ಲಯ ಬಿಡದೆ ನಡೆಯುತ್ತಿದ್ದರೆ, ಸಣ್ಣ ತಂತಿಯಲ್ಲಿ ಸ್ಲೈಡ್ ಅವರ ಕೊರಳಿನ ಸ್ವರವನ್ನೇ ಎತ್ತಿಕೊಂಡು ನಡುಗಿ ಇಳಿಯುತ್ತದೆ. ಗೋಟುವಾದ್ಯ ಕೇಳಿದ ಕಿವಿಗೆ ಈ ಜಾರು ಹೊಸದಲ್ಲ. ಕೊನೆಯ ಪದ ಇನ್ನೂ ಬಾಯಲ್ಲಿರುವಾಗಲೇ ಗಿಟಾರ್ ಶುರುವಾಗಿರುತ್ತದೆ. ಆ ಗಳಿಗೆಯಲ್ಲಿ ಫೇಡರ್ ಕೆಳಗಿದ್ದರೆ ಸಾಲಿನ ಉತ್ತರಾರ್ಧವೇ ಮಾಯ.

1970ರ ಸುಮಾರಿಗೆ ಅವರೊಂದಿಗೆ ವೇದಿಕೆ ಹಂಚಿಕೊಂಡು, ಹತ್ತಿರದಿಂದ ಕಲಿತವರು ಅಮೆರಿಕದ ಗಾಯಕಿ, ಗಿಟಾರ್ ವಾದಕಿ ಬಾನಿ ರೇಟ್. ಆರಂಭದಲ್ಲಿ ಯಾರೂ ತೋರಿಸಿಕೊಡದೆ ತಾವೇ ಕಲಿತದ್ದರಿಂದ ಅವರ ಸ್ಲೈಡ್ ಇರುವುದು ನಡುಬೆರಳಿನಲ್ಲಿ. 1969ರಲ್ಲಿ 120 ಡಾಲರಿಗೆ ಕೊಂಡ ಕಂದು ಬಣ್ಣದ ಸ್ಟ್ರಾಟೋಕಾಸ್ಟರ್ ಎಲೆಕ್ಟ್ರಿಕ್ ಗಿಟಾರ್ ದಶಕಗಳ ಪ್ರವಾಸದಲ್ಲಿ ಅವರ ಜೊತೆಗಿದೆ. 1990ರಲ್ಲಿ ವರ್ಷದ ಆಲ್ಬಮ್‌ಗೆ ಗ್ರ್ಯಾಮಿ ಬಂತು, ದೊಡ್ಡ ಸಭಾಂಗಣಗಳು ಬಂದವು. ಹಾಡಿದ ಮಾತಿಗೆ ತಂತಿಯಿಂದ ಉತ್ತರ ಕೊಡುವ ಕ್ರಮ ಮಾತ್ರ ಕೋಮೊ ಕಡೆಯದ್ದೇ. ಅದೇ ನನಗೆ ಅವರಲ್ಲಿ ಅತ್ಯಂತ ಪ್ರಿಯ.

ಇನ್ನು ನನ್ನ ಮಿಕ್ಸರ್ ಕಡೆಗೆ. ಸ್ಲೈಡ್‌ಗೂ ಕೊರಳಿಗೂ ಮಧ್ಯಮ ಕಂಪನಾಂಕಗಳಲ್ಲೇ ಜೀವ. ಹಾಡಿಗೆ ಜಾಗ ಮಾಡಿಕೊಡಲೆಂದು ಗಿಟಾರಿನ ಆ ಭಾಗವನ್ನು ಕತ್ತರಿಸಿದರೆ ಗಿಟಾರಿಗೆ ಗಂಟಲೇ ಉಳಿಯುವುದಿಲ್ಲ. ನಾನು ಕೆಳಗಿನ ಗುಂಯ್‌ಗುಡುವಿಕೆಯನ್ನಷ್ಟೇ ತೆಗೆಯುತ್ತೇನೆ, ಸ್ಪೀಕರುಗಳಲ್ಲಿ ಗಿಟಾರಿನ ಧ್ವನಿಯನ್ನು ತುಸು ಪಕ್ಕಕ್ಕೆ ಕೂರಿಸುತ್ತೇನೆ. ಗಾಜು ತಂತಿಗೆ ತಾಗುವ ಸಣ್ಣ ಸದ್ದನ್ನು ಉಳಿಸಿಕೊಳ್ಳುತ್ತೇನೆ, ಏಕೆಂದರೆ ಅದೂ ಸಂಗೀತವೇ.

ಇದಕ್ಕಿಂತ ಮುಖ್ಯವಾದದ್ದು ಕಲಾವಿದರ ಮುಂದಿನ ಮಾನಿಟರ್, ಅಂದರೆ ಅವರದೇ ಧ್ವನಿಯನ್ನು ಅವರಿಗೆ ಕೇಳಿಸುವ ಸ್ಪೀಕರ್. ಬೆರಳಿನಿಂದ ಒತ್ತಿ ನುಡಿಸುವಾಗ ಸ್ವರವನ್ನು ಫ್ರೆಟ್, ಅಂದರೆ ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ, ಹಿಡಿದುಕೊಡುತ್ತದೆ. ಸ್ಲೈಡ್ ನೇರವಾಗಿ ಫ್ರೆಟ್ಟಿನ ಮೇಲೆಯೇ ನಿಲ್ಲಬೇಕು; ಕೂದಲೆಳೆ ಹಿಂದೆ ಸರಿದರೂ ಶ್ರುತಿ ತಗ್ಗುತ್ತದೆ, ಅಲ್ಲಿ ಕಿವಿಯೊಂದೇ ಆಧಾರ. ತಮ್ಮ ಗಿಟಾರ್ ತಮಗೇ ಕೇಳಿಸದಿದ್ದರೆ ಎಂಥ ಪಳಗಿದ ಕೈಯೂ ತಡಬಡಾಯಿಸುತ್ತದೆ. ಹಾಗಾಗಿ ಇಂಥ ಕಾರ್ಯಕ್ರಮದ ಸೌಂಡ್ ಚೆಕ್ಕಿನಲ್ಲಿ ಸಭಾಂಗಣದ ಧ್ವನಿಯನ್ನು ಆಮೇಲೆ ನೋಡುತ್ತೇನೆ. ಮೊದಲು ಮಾನಿಟರಿನಲ್ಲಿ ಕೊರಳನ್ನೂ ತಂತಿಯನ್ನೂ ಸಮ ಮಾಡುತ್ತೇನೆ. ಕಲಾವಿದರು ಎರಡು ಸಾಲು ಹಾಡಿ, ಮೂರನೆಯದನ್ನು ಗಿಟಾರಿಗೆ ಬಿಟ್ಟು, ಸಾಕು ಎಂದು ತಲೆಯಾಡಿಸಿದ ಮೇಲೆಯೇ ಉಳಿದ ಕೆಲಸ.