ಹಳೇ ಲಾರಿಯ ಎಸಿ

ನಮ್ಮಣ್ಣನ ಹಳೇ ಲಾರಿಯ ಎಸಿ ಕೊನೆಗೂ ದಾರಿಗೆ ಬಂದಿದೆ. ಗಾಳಿ ಜೋರಾಗೇ ಬರುತ್ತಿತ್ತು. ಲಾರಿ ಓಡುವಾಗ ತಂಪೂ ಇತ್ತು. ಮಂಡ್ಯದಲ್ಲಿ ಸಕ್ಕರೆ ಫ್ಯಾಕ್ಟರಿ ಮುಂದೆ ಕಬ್ಬಿನ ಸಾಲಿನಲ್ಲಿ ನಿಂತರೆ ಮಾತ್ರ ಬಿಸಿಗಾಳಿ. ನೋಡಿದವರೆಲ್ಲ ಹೇಳಿದ್ದು ಒಂದೇ: "ಗ್ಯಾಸ್ ತುಂಬಿಸಿ."

ಮೆಕ್ಯಾನಿಕ್ ಗ್ಯಾಸ್ ಮುಟ್ಟಲೇ ಇಲ್ಲ. ನಿಂತಾಗ ತಂಪಿಲ್ಲ ಅಂದರೆ ಎಸಿಯ ಕಾವನ್ನು ಹೊರಗೆ ಬಿಡುವ ಕಂಡೆನ್ಸರ್‌ಗೆ ಗಾಳಿ ಸಾಲುತ್ತಿಲ್ಲ ಅಂತ ಮುಂದಿನ ಗ್ರಿಲ್ ಬಿಚ್ಚಿದರು. ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವೆ ಕಬ್ಬಿನ ತರಗು, ಧೂಳು, ಸತ್ತ ಹುಳ ಎಲ್ಲ ಸೇರಿ ಕಂಬಳಿ ಹೊದಿಸಿದ ಹಾಗೆ ಅಂಟಿಕೊಂಡಿತ್ತು. ಹಿಂದಿನಿಂದ ಮುಂದಕ್ಕೆ ನಿಧಾನವಾಗಿ ನೀರು ಬಿಟ್ಟು ತೊಳೆದರು. ಜೋರಾಗಿ ಬಿಟ್ಟರೆ ಅದರ ಫಿನ್‌ಗಳು, ಅಂದರೆ ತೆಳು ತಗಡಿನ ಪಟ್ಟಿಗಳು, ಮಡಚಿಕೊಳ್ಳುತ್ತವೆ. ಇಂಜಿನ್ ಕಾದರೂ ಫ್ಯಾನ್ ಸಡಿಲವಾಗೇ ತಿರುಗುತ್ತಿತ್ತು. ಕಾವು ಏರಿದಾಗ ಫ್ಯಾನನ್ನು ಬಿಗಿಯಾಗಿ ಹಿಡಿದು ತಿರುಗಿಸಬೇಕಾದ ಫ್ಯಾನ್ ಕ್ಲಚ್ ಬದಲಾಯಿಸಿದರು. ನಿಂತ ಲಾರಿಯಲ್ಲೂ ಈಗ ತಂಪು!

2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ. ಬಹಳ ಒಳ್ಳೆಯದಾಯಿತು. ಆದರೆ ನಮ್ಮ ಕಡೆ ಕಬ್ಬು ಹೊರುವುದೆಲ್ಲ ಹಳೇ ಗಾಡಿಗಳೇ ಅಲ್ವಾ? ಡ್ರೈವರ್‌ಗೆ ಎಸಿ ಯಾಕೆ, ಸುಮ್ನೆ ಶೋಕಿ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇಂಜಿನ್ ಕಾವು ಕಾಲ ಬುಡದಲ್ಲೇ ಇರುತ್ತದೆ. ಆ ಸೆಕೆಯಲ್ಲಿ ಬೆಂದವರೇ ರಾತ್ರಿ ತುಂಬಿದ ಲಾರಿಯನ್ನು ನಮ್ಮ ಬೈಕುಗಳ ಪಕ್ಕದಲ್ಲಿ ಓಡಿಸಬೇಕು.

ಕ್ಯಾಬಿನ್ ಹೀಟರ್‌ಗೆ ಇಂಜಿನ್ನಿನ ಬಿಸಿನೀರು ಬಿಡುವ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ ಅನ್ನುವ ಅನುಮಾನ ಇನ್ನೂ ಇದೆ. ಬಿಸಿನೀರು ಒಳಗೆ ಹರಿದರೆ ಎಸಿಯ ತಂಪು ಅಲ್ಲೇ ಖರ್ಚಾಗುತ್ತದೆ. ಭಾನುವಾರ ಅದನ್ನೂ ಬಿಚ್ಚಿಸಿ ನೋಡಬೇಕು.