ಮಂಗಳವಾರ ಯಾಕೆ ಯಾರೂ ಬರಲಿಲ್ಲ?

ಆಪ್ತಸಮಾಲೋಚಕರಿಗೆ, ಆಸ್ಪತ್ರೆ ನರ್ಸುಗಳಿಗೆ ತರಬೇತಿ ಕೊಡೋದು ನನ್ನ ಕೆಲಸ. ನಾನು ಮೈಸೂರು ಕಡೆಯವಳು. ಟ್ರಾನ್ಸ್‌ಜೆಂಡರ್ ಜನರ ಮಾನಸಿಕ ಆರೋಗ್ಯದ ಬಗ್ಗೆ ಮೊದಲ ಸಲ ಉತ್ತರ ಕರ್ನಾಟಕದಲ್ಲಿ ಎರಡು ದಿನದ ತರಬೇತಿ ಮಾಡಿದಾಗ ಅರ್ಧ ದಿನ ಬರೀ ಪದಗಳ ಅರ್ಥ ಹೇಳೋದ್ರಲ್ಲೇ ಹೋಯ್ತು. ಟ್ರಾನ್ಸ್ ಮಹಿಳೆ ಅಂದ್ರೆ ಯಾರು, ಟ್ರಾನ್ಸ್ ಪುರುಷ ಅಂದ್ರೆ ಯಾರು, ಅವರ ಹಕ್ಕುಗಳ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 2014ರ ನಾಲ್ಸಾ ತೀರ್ಪು ಏನು ಹೇಳುತ್ತೆ, ಎಲ್ಲದಕ್ಕೂ ಸ್ಲೈಡ್ ಇತ್ತು. ಹಿಂದಿನ ಸಾಲಿನ ನರ್ಸ್ ಒಬ್ಬರು ಕೈ ಎತ್ತಿದರು. "ಮೇಡಂ, ನಮ್ಮೂರ ಜೋಗಪ್ಪ ಇದರಾಗ ಎಲ್ಲಿ ಬರ್ತಾರ್ರೀ?"

ಅದಕ್ಕೆ ಸ್ಲೈಡ್ ಇರಲಿಲ್ಲ.

ಗಂಡಾಗಿ ಹುಟ್ಟಿ, ಎಲ್ಲಮ್ಮ ದೇವಿಯ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು (ಅಂದ್ರೆ ದೀಕ್ಷೆ ಪಡೆದು), ಸೀರೆ ಉಟ್ಟು, ಚೌಡಿಕೆ ಅನ್ನೋ ತಂತಿವಾದ್ಯ ಹಿಡಿದು ಮನೆಮನೆಗೆ ಹೋಗೋ ಜೋಗಪ್ಪಗಳು ನನಗೆ ಕೇಳಿ ಗೊತ್ತು, ಅಷ್ಟೇ. ಆ ಕೋಣೆಯಲ್ಲಿದ್ದವರಿಗೋ ಅವರು ಚಿಕ್ಕಂದಿನಿಂದ ಕಂಡವರು. ಇದೇ ಸಮುದಾಯದ ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರು 2021ರಲ್ಲಿ ಪದ್ಮಶ್ರೀ ತಗೊಳ್ಳುವಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದ ವಿಡಿಯೋ ಎಲ್ಲರ ಮೊಬೈಲಿಗೂ ಬಂದಿತ್ತು. ಆದರೆ ಜೋಗಪ್ಪ ಒಬ್ಬರು ನಿದ್ದೆ ಬರ್ತಿಲ್ಲ ಅಂತ ಕೌನ್ಸೆಲಿಂಗಿಗೆ ಬಂದ್ರೆ ಏನು ಮಾಡ್ತೀರಿ ಅಂತ ಕೇಳಿದೆ. ಎಲ್ಲರೂ ಸುಮ್ನಾದರು.

ಒಂದು ಸಂದರ್ಭ ಅಭಿನಯಿಸಿ ನೋಡೋಣ ಅಂದೆ. ಕ್ಲೈಂಟ್ ಆದವರು "ಅಮ್ಮ ಮೈಮ್ಯಾಲೆ ಬರ್ತಾಳ" ಅಂದ ತಕ್ಷಣ ಕೌನ್ಸೆಲರ್ ಪಾತ್ರದ ಹುಡುಗ ಹಾಳೆ ಮೇಲೆ 'ಭ್ರಮೆ' ಅಂತ ಬರೆದ. ಪಕ್ಕದವರು ನಕ್ಕು, "ಹಂಗಂದ್ರ ನಮ್ಮ ಅಜ್ಜಿಗೂ ಗುಳಿಗಿ ಕೊಡಬೇಕಾಕ್ಕೈತಿ ನೋಡು" ಅಂದರು. ನಗು ಸರಿ, ಆದರೆ ಇದರ ಇನ್ನೊಂದು ಮಗ್ಗುಲೂ ಇದೆ. ಮೂರು ವಾರದಿಂದ ಊಟ ಬಿಟ್ಟವರು "ಅಮ್ಮ ಮುನಿಸಿಕೊಂಡಾಳ, ನಾ ಇರಬಾರದು" ಅಂದ್ರೆ ಅದನ್ನ ಸಂಪ್ರದಾಯ ಅಂತ ಬಿಟ್ಟುಬಿಡೋ ಹಾಗಿಲ್ಲ, ಸಾಯಬೇಕು ಅನ್ನಿಸ್ತಿದೆಯಾ ಅಂತ ನೇರವಾಗಿ ಕೇಳಲೇಬೇಕು. ಈ ಎರಡರ ನಡುವಿನ ವ್ಯತ್ಯಾಸದ ಮೇಲೆ ಮಧ್ಯಾಹ್ನವೆಲ್ಲ ಮಾತಾಡಿದೆವು. ಆ ಎರಡು ದಿನದಲ್ಲಿ ಕೆಲಸಕ್ಕೆ ಬಂದಿದ್ದು ಅದೊಂದೇ ಅಂತ ನನಗನ್ನಿಸುತ್ತೆ.

ಆರು ತಿಂಗಳಾದ ಮೇಲೆ ಒಂದು ತಾಲೂಕು ಆಸ್ಪತ್ರೆಗೆ ಹೋಗಿ ವಿಚಾರಿಸಿದೆ. ಜೋಗಪ್ಪಗಳು ಒಬ್ಬರೂ ಕೌನ್ಸೆಲಿಂಗಿಗೆ ಬಂದಿಲ್ಲ. "ಅವರಿಗೆ ಅರಿವು ಕಡಿಮೆ ಮೇಡಂ" ಅಂದರು ಅಲ್ಲಿನ ಕೌನ್ಸೆಲರ್. ನಾನೂ ತಲೆಯಾಡಿಸಿದೆ, ಈಗ ನೆನೆಸಿಕೊಂಡ್ರೆ ನಾಚಿಕೆ ಆಗುತ್ತೆ. ಹೊರಗೆ ಚಹಾ ಅಂಗಡಿಯಲ್ಲಿ ಅದೇ ನರ್ಸ್ ಸಿಕ್ಕರು. "ಮನೋಚೈತನ್ಯ ಕ್ಲಿನಿಕ್ ಮಂಗಳವಾರ ಐತ್ರಿ. ಮಂಗಳವಾರ, ಶುಕ್ರವಾರ ಅಂದ್ರ ಅಮ್ಮನ ವಾರ. ಅವತ್ತ ಜೋಗಕ್ಕ ಹೋಗಲಿಲ್ಲ ಅಂದ್ರ ಅವರು ವಾರಪೂರ್ತಿ ಏನ ಉಣ್ಣಬೇಕ್ರಿ?"

ಜೋಗಕ್ಕೆ ಹೋಗೋದಂದ್ರೆ ಮನೆಮನೆಗೆ ಹೋಗಿ ಜೋಳ, ಅಕ್ಕಿ, ದುಡ್ಡು ಬೇಡಿ ತರೋದು. ಸೈಕಿಯಾಟ್ರಿಸ್ಟ್ ಬಂದು ನೋಡೋ ನಮ್ಮ ಮನೋಚೈತನ್ಯ ಕ್ಲಿನಿಕ್ಕಿನ ದಿನವೇ ಅವರ ದುಡಿಮೆಯ ದಿನ. ಇದು ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಕೇಳಿರಲಿಲ್ಲ ಅಷ್ಟೇ. ನಾನಂತೂ ಕೇಳಿರಲೇ ಇಲ್ಲ.

ಸೈಕಿಯಾಟ್ರಿಸ್ಟ್ ಬರೋ ದಿನ ಬದಲಾಗಲಿಲ್ಲ. ಆದರೆ ಕೌನ್ಸೆಲರ್ ಬುಧವಾರ ಮಧ್ಯಾಹ್ನ ಎರಡು ಗಂಟೆ ಬಿಡುವು ಮಾಡಿಕೊಳ್ಳೋಕೆ ಒಪ್ಪಿದರು. ಈಗ ನನ್ನ ತರಬೇತಿಯಲ್ಲಿ ಮೊದಲ ಅರ್ಧ ದಿನ ಆ ಊರಿನ ಜೋಗಪ್ಪ ಒಬ್ಬರೇ ಮಾತಾಡ್ತಾರೆ, ನನಗೆ ಕೊಡುವಷ್ಟೇ ಗೌರವಧನ ಅವರಿಗೂ. (ಇದಕ್ಕೆ ಬಿಲ್ ಪಾಸ್ ಮಾಡಿಸೋದು ದೊಡ್ಡ ಕಥೆ, ಬಿಡಿ.) ಕ್ಲೈಂಟಿಗೆ ಫೋನ್ ಮಾಡೋಕೆ ಮುಂಚೆ ಆ ಮೊಬೈಲ್ ಮನೆಯಲ್ಲಿ ಯಾರ ಕೈಯಲ್ಲಿರುತ್ತೆ ಅಂತ ಕೇಳಿಕೊಳ್ಳಿ ಅಂತ ಹೇಳಿಕೊಟ್ಟಿದ್ದೂ ಅವರೇ. ಅಣ್ಣ ಫೋನ್ ಎತ್ತಿ, ಈ ಕಡೆಯಿಂದ "ಮಾನಸಿಕ ವಿಭಾಗದಿಂದ" ಅಂದ್ರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತೆ.

ಮೊದಲ ಬುಧವಾರ ನಾನೂ ಅಲ್ಲೇ ಇದ್ದೆ. ಮೂರು ಗಂಟೆ ಹೊತ್ತಿಗೆ ಒಬ್ಬರು ಪಡ್ಡಲಗಿ (ದೇವಿಯ ಬುಟ್ಟಿ) ಹೊತ್ತುಕೊಂಡು ಬಾಗಿಲಲ್ಲಿ ನಿಂತರು. ಬುಟ್ಟಿಯಲ್ಲಿ ಅಮ್ಮ ಇದ್ದಾಳೆ, ನೆಲಕ್ಕೆ ಇಡೋ ಹಾಗಿಲ್ಲ, ಒಳಗೆ ಹೇಗೆ ಬರೋದು ಅಂತ ನೋಡ್ತಿದ್ದರು. ನರ್ಸ್ ಎದ್ದು ಮೇಜಿನ ಮೇಲಿದ್ದ ರಿಜಿಸ್ಟರ್‌ಗಳನ್ನೆಲ್ಲ ಕಿಟಕಿ ಮೇಲಕ್ಕೆ ಎತ್ತಿಟ್ಟು, "ಇಲ್ಲಿ ಇಡ್ರಿ ಅವ್ವಾ" ಅಂದರು.