ಟ್ರಂಕಿನ ತಳದಲ್ಲಿ ಸಿಕ್ಕ ಟಿಕೆಟ್ಟು

ಹಳೇ ಟ್ರಂಕು ಖಾಲಿ ಮಾಡುವಾಗ ರಟ್ಟಿನ ರೈಲು ಟಿಕೆಟ್ಟೊಂದು ಸಿಕ್ಕಿತು. ಎರಡು ಬೆರಳಗಲ. ಒತ್ತಿದ ತಾರೀಖು ಬೆರಳಿಗೆ ತಾಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಸಕಲೇಶಪುರದಿಂದ ಮಂಗಳೂರಿಗೆ, ಹಳಿ ಕಿರಿದಾಗಿದ್ದ ಮೀಟರ್ ಗೇಜ್ ಕಾಲದ್ದು. ಗೇಟಿನಲ್ಲಿ ಯಾರೂ ಕೇಳಿ ಇಸ್ಕೊಂಡಿರಲಿಲ್ಲ ಅಂತ ಕಾಣುತ್ತೆ.

ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿ ಸುಮಾರು 55 ಕಿಲೋಮೀಟರ್, 57 ಸುರಂಗ. ಪ್ರತಿ ಸಲ ಎಣಿಸಲು ಶುರು ಮಾಡುತ್ತಿದ್ದೆವು, ಇಪ್ಪತ್ತು ದಾಟಿದ ಮೇಲೆ ಜಗಳವೇ. ಕತ್ತಲಾದ ಕೂಡಲೇ ಇಡೀ ಬೋಗಿ ‘ಹೋ’ ಅಂತ ಕೂಗುತ್ತಿತ್ತು. ದೊಡ್ಡವರೂ ಕೂಗುತ್ತಿದ್ದರು. ಬೆಳಕು ಬಂದಾಗ ಮಾತ್ರ ಏನೂ ಗೊತ್ತಿಲ್ಲದವರ ಹಾಗೆ ಕಿಟಕಿ ಕಡೆ ಮುಖ! ಘಾಟಿ ನಡುವಿನ ಎಡಕುಮೇರಿ ಸ್ಟೇಷನ್ನಿನಲ್ಲಿ ನಿಂತರೆ ಸುತ್ತ ಬರೀ ಕಾಡು, ಎಲ್ಲೋ ನೀರು ಬೀಳುವ ಸದ್ದು, ಬ್ರೇಕ್ ಕಾದ ವಾಸನೆ.

1979ರಲ್ಲಿ ಶುರುವಾದ ಮಾರ್ಗ. 1996ರಲ್ಲಿ ಬ್ರಾಡ್ ಗೇಜ್ ಮಾಡಲು ಮುಚ್ಚಿದರು. ಪ್ಯಾಸೆಂಜರ್ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ನಾವೆಲ್ಲ ಶಿರಾಡಿ ಘಾಟಿಯ ಬಸ್ಸಿನಲ್ಲಿ ವಾಂತಿ ಮಾಡಿಕೊಂಡೇ ದೊಡ್ಡವರಾಗಿದ್ದೆವು.

ಈಗಿನ ರೈಲೂ ಚೆನ್ನಾಗೇ ಇದೆ, ಸುಮ್ನೆ ದೂರಬಾರದು. ‘ಹೋ’ ಅನ್ನುವವರು ಸ್ವಲ್ಪ ಕಡಿಮೆ, ಅಷ್ಟೇ.

ಟಿಕೆಟ್ಟು ಮಗಳ ಕೈಗೆ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿದಳು. “ಇದನ್ನ ಎಲ್ಲಿ ಸ್ಕ್ಯಾನ್ ಮಾಡ್ತಿದ್ರಿ ಅಪ್ಪಾ?”